ಕೆಟ್ಟ ಸುದ್ದಿ ಹೇಳುವ ಪಾಠ

ಮ್ಯಾನೇಜರುಗಳಿಗೆ ಯಾವ ಪಾಠ ಹೇಳಿಸಬೇಕು ಎಂದು ಆರಿಸುವುದೂ ಒಂದು ನೌಕರಿ ಎಂಬುದನ್ನು ನಮ್ಮವ್ವ ಕೊನೆಯವರೆಗೂ ನಂಬಲಿಲ್ಲ. ಗುಂಡಗುರ್ತಿಯ ಮನೆಯ ಪಡಸಾಲೆಯಲ್ಲಿ ಕುಳಿತು ತೊಗರಿ ಹಸನು ಮಾಡುತ್ತ, ಬಂದವರಿಗೆಲ್ಲ ಹೇಳುತ್ತಿದ್ದಳು: “ನಮ್ಮ ಶಿವಲೀಲಾ ಸಿಮೆಂಟ್ ಫ್ಯಾಕ್ಟರ್ಯಾಗ ಅಕ್ಕೋರ ಕೆಲಸ ಮಾಡ್ತಾಳ.”

“ನಾ ಕಲಸಂಗಿಲ್ಲವ್ವ. ಸಾಹೇಬ್ರಿಗೆ ಏನು ಕಲಸಬೇಕು ಅಂತ ನೋಡ್ತೀನಿ, ಕಲಸೋರನ್ನ ಕರಸ್ತೀನಿ” ಎಂದು ನಾನು ತಿದ್ದುತ್ತಿದ್ದೆ.

“ಸಾಹೇಬ್ರ ಆದಮ್ಯಾಲ ಮತ್ತ ಏನು ಕಲಿಯೋದಿರ್ತದ? ಕಲ್ತೇ ಸಾಹೇಬ್ರ ಆಗಿರ್ತಾರಲ್ಲ.”

ಅವ್ವನ ಮಾತು ಸರಿಯಲ್ಲ ಎಂದು ಗೊತ್ತಾಗಲು ನನಗೆ ಹೆಚ್ಚು ಕಾಲ ಬೇಕಾಗಲಿಲ್ಲ. ಆದರೆ ಆ ಸಾಹೇಬರಿಗೆ ಏನು ಕಲಿಸಬೇಕು ಎಂದು ಗೊತ್ತಾಗುವುದರಲ್ಲಿ ಅರ್ಧ ನೌಕರಿ ಮುಗಿದಿತ್ತು.

ಇದನ್ನು ಬರೆಯಲು ಕಾರಣವಾದವಳು ಸೇಡಂ ಕಡೆಯ ಕಾರ್ಖಾನೆಯೊಂದರಲ್ಲಿ ಈಗಷ್ಟೇ ತರಬೇತಿ ವಿಭಾಗಕ್ಕೆ ಸೇರಿದ ಒಬ್ಬ ಹುಡುಗಿ. ಹೋದ ತಿಂಗಳು ಚಿತ್ತಾಪುರದ ನಮ್ಮ ಮನೆಗೆ ಬಂದಿದ್ದಳು. ಫೋನಿನಲ್ಲಿ ನಾಯಕತ್ವದ ವಿಷಯಗಳ ಉದ್ದನೆಯ ಪಟ್ಟಿ ತೆರೆದು, “ಮೇಡಂ, ಇದರಾಗ ಯಾವ್ದು ಆರಿಸ್ಲಿ?” ಎಂದು ಕೇಳಿದಳು. ಎಲ್ಲವೂ ಒಳ್ಳೆಯ ವಿಷಯಗಳೇ. ಒಂದೂ ಬೇಡ ಎನ್ನುವಂಥದ್ದಿರಲಿಲ್ಲ, ಇದೇ ಬೇಕು ಎನ್ನುವಂಥದ್ದೂ ಇರಲಿಲ್ಲ. ಚಹಾ ಕುಡಿಯುತ್ತ ಅವಳಿಗೆ ಒಂದಿಷ್ಟು ಹೇಳಿದೆ. ಅವಳು ಹೋದ ಮೇಲೆ, ಹೇಳಬೇಕಾದದ್ದೇ ಉಳಿಯಿತಲ್ಲ ಅನಿಸಿತು.

ವಾಡಿ ಆಚೆಗಿನ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಪರ್ಸೊನೆಲ್, ಅಂದರೆ ಸಿಬ್ಬಂದಿ, ವಿಭಾಗದ ಸಹಾಯಕಿಯಾಗಿ ಸೇರಿದ್ದೆ. ಅದರ ಹೆಸರು ಇಲ್ಲಿ ಬೇಡ. ಆಗ ಆ ವಿಭಾಗದ ಮುಖ್ಯಸ್ಥರಾಗಿದ್ದವರು ಕುಲಕರ್ಣಿ ಸಾಹೇಬರು. ಮುಂಜಾನೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಆಫೀಸಿಗೆ ಬರುತ್ತಿದ್ದರು. ಮಾತು ಕಡಿಮೆ. ಸಿಟ್ಟು ಬಂದರೆ ಕನ್ನಡಕ ತೆಗೆದು, ಒರೆಸಲು ಕರ್ಚೀಫಿಗಾಗಿ ಪ್ಯಾಂಟಿನ ಜೇಬು ತಡಕಾಡುತ್ತಿದ್ದರು. ಅದು ಯಾವತ್ತೂ ಸಿಗುತ್ತಿರಲಿಲ್ಲ, ಅಷ್ಟರಲ್ಲಿ ಸಿಟ್ಟು ಇಳಿಯುತ್ತಿತ್ತು. ತರಬೇತಿಯ ಕೆಲಸವನ್ನು ನನಗೆ ಒಪ್ಪಿಸಿದಾಗ ಹೇಳಿದ್ದು ಇಷ್ಟೇ: “ಮೇಲಿನ ಆಫೀಸಿನಿಂದ ಪುಸ್ತಕ ಬರ್ತದ. ಅದರಾಗಿಂದ ವಿಷಯ ಆರಿಸ್ರಿ. ಊಟ ಛಲೋ ಇರ್ಲಿ. ಊಟ ಛಲೋ ಇದ್ರ ಯಾರೂ ತಕರಾರು ಮಾಡಂಗಿಲ್ಲ.”

ಆ ಪುಸ್ತಕ ಹೊಳಪಿನ ಕಾಗದದ್ದು. ಒತ್ತಡ ನಿರ್ವಹಣೆ, ಸಕಾರಾತ್ಮಕ ಚಿಂತನೆ, ತಂಡ ಕಟ್ಟುವುದು, ಗುರಿ ನಿಗದಿ ಎಂದು ವಿಷಯಗಳು ಸಾಲಾಗಿ ಇರುತ್ತಿದ್ದವು. ಮೊದಲ ವರ್ಷ ನಾನು ಒತ್ತಡ ನಿರ್ವಹಣೆ ಆರಿಸಿದೆ. ಸಿಮೆಂಟ್ ಕಾರ್ಖಾನೆಯಲ್ಲಿ ಒತ್ತಡ ಇಲ್ಲ ಎಂದು ಯಾರು ಹೇಳುತ್ತಾರೆ? ದೊಡ್ಡ ಊರಿನಿಂದ ಒಬ್ಬ ತರಬೇತುದಾರರು ಬಂದರು. ಮೇ ತಿಂಗಳು. ನಮ್ಮ ಕಡೆ ಮೇ ತಿಂಗಳೆಂದರೆ ಶಹಾಬಾದ ಫರಸಿ ಕಲ್ಲಿನ ನೆಲವೂ ಕಾದು ಅಂಗಾಲು ಸುಡುವ ಕಾಲ. ಹಾಲಿನಲ್ಲಿ ಕೂಲರ್ ಗರ್ರನೆ ತಿರುಗುತ್ತಿತ್ತು. ತರಬೇತುದಾರರು ಎಲ್ಲರಿಗೂ ಕಣ್ಣು ಮುಚ್ಚಿಸಿದರು. “ನೀವೀಗ ಸಮುದ್ರದ ದಂಡೆಯಲ್ಲಿ ಮಲಗಿದ್ದೀರಿ. ಅಲೆಗಳ ಸದ್ದು ಕೇಳಿಸುತ್ತಿದೆ. ತಂಪು ಗಾಳಿ ಬೀಸುತ್ತಿದೆ” ಎಂದು ಮೆಲ್ಲನೆ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ಅಲೆಗಳ ಸದ್ದು ನಿಜವಾಗಿಯೂ ಕೇಳಿಸಿತು. ಕಲ್ಲು ತೆಗೆಯುವ ಖಣಿ ವಿಭಾಗದವರು ಗೊರಕೆ ಹೊಡೆಯುತ್ತಿದ್ದರು. ಶಿಫ್ಟ್ ಮುಗಿಸಿ ನೇರವಾಗಿ ಬಂದವರು ಅವರು, ಪಾಪ.

ಚಹಾದ ಬಿಡುವಿನಲ್ಲಿ ಭಟ್ಟಿ ವಿಭಾಗದ ಮ್ಯಾನೇಜರ್ ಗೌಸ್ ಸಾಹೇಬರು ನನ್ನ ಹತ್ತಿರ ಬಂದರು. ಸಿಮೆಂಟಿನ ಕಲ್ಲು ಸುಡುವ ಕಿಲ್ನಿಗೆ ನಮ್ಮ ಮಂದಿ ಭಟ್ಟಿ ಎಂದೇ ಅನ್ನುತ್ತಿದ್ದರು. ಎತ್ತರದ ಆಳು, ನರೆತ ಮೀಸೆ, ಯಾವಾಗಲೂ ನಗು.

“ಮೇಡಂ, ಒಂದು ಮಾತು ಹೇಳ್ಲೇನ್ರಿ? ಈ ಹಾಲಿನ್ಯಾಗ ಸಮುದ್ರ ನೋಡಿದವ್ರು ಭಾಳ ಅಂದ್ರ ಇಬ್ರು ಮೂವರು ಇರಬಹುದು. ನಾವು ಚಂದ್ರಂಪಳ್ಳಿ ಡ್ಯಾಮ್ ನೋಡಿದ ಮಂದಿ. ಮುಂದಿನ ಸಲ ಡ್ಯಾಮಿನ ದಂಡಿ ಅನ್ನಕ್ಕ ಹೇಳ್ರಿ, ಜರಾ ಲಗೂ ನಿದ್ದಿ ಹತ್ತತದ.”

ನನಗೆ ನಗು ಬಂತು, ನಾಚಿಕೆಯೂ ಆಯಿತು. ಗೌಸ್ ಸಾಹೇಬರು ಮತ್ತು ಕುಲಕರ್ಣಿ ಸಾಹೇಬರು ಒಂದೇ ಕಾಲಕ್ಕೆ ಕಾರ್ಖಾನೆಗೆ ಸೇರಿದವರು ಎಂದು ಆಮೇಲೆ ಗೊತ್ತಾಯಿತು. ಮದುವೆಗೆ ಮುಂಚೆ ಇಬ್ಬರೂ ಒಂದೇ ಕೋಣೆಯಲ್ಲಿದ್ದರಂತೆ. ಒಬ್ಬರ ಸಂಧ್ಯಾವಂದನೆ ಮುಗಿಯುವವರೆಗೆ ಇನ್ನೊಬ್ಬರು ಹೊರಗೆ ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತಿದ್ದರಂತೆ. ಇಷ್ಟು ವರ್ಷಗಳ ಮೇಲೂ ಕುಲಕರ್ಣಿ ಸಾಹೇಬರು ಜೋರಾಗಿ ನಗುವುದು ಗೌಸ್ ಸಾಹೇಬರ ಎದುರಿಗೆ ಮಾತ್ರ.

ಎರಡನೆಯ ವರ್ಷದಿಂದ ನಾನು ಹೊಸ ಪದ್ಧತಿ ಹಿಡಿದೆ. ಪ್ರತಿಯೊಬ್ಬ ಮ್ಯಾನೇಜರಿಗೂ ಒಂದು ಫಾರಂ ಕೊಟ್ಟು, ನಿಮಗೆ ಯಾವ ತರಬೇತಿ ಬೇಕು ಎಂದು ಗುರುತು ಹಾಕಲು ಕೇಳಿದೆ. ಆಗಿನ ಮಟ್ಟಿಗೆ ಅದೇ ದೊಡ್ಡ ಸುಧಾರಣೆ. ನನಗೂ ಒಂದಿಷ್ಟು ಜಂಬ ಬಂದಿತ್ತು. ಅದನ್ನು ಇಳಿಸಿದ್ದು ನಮ್ಮದೇ ಕಂಪನಿಯ ಸೇಡಂ ಘಟಕದ ನಾಗಿರೆಡ್ಡಿ. ಪ್ಯಾಕಿಂಗ್ ವಿಭಾಗದಲ್ಲಿ ಹೊಸದಾಗಿ ಶಿಫ್ಟ್ ಮ್ಯಾನೇಜರ್ ಆದವನು. ಫಾರಂನಲ್ಲಿ ‘ಸಮಯ ಪಾಲನೆ’ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ‘ಭಾಳ ಅರ್ಜೆಂಟ್’ ಎಂದು ಬರೆದಿದ್ದ. ಬೇರೆ ಕೆಲಸದ ಮೇಲೆ ಸೇಡಂಗೆ ಹೋದವಳು ಅವನನ್ನೂ ಕಂಡು ಬರೋಣವೆಂದು ಪ್ಯಾಕಿಂಗ್ ಕಡೆಗೆ ನಡೆದೆ. ಮ್ಯಾನೇಜರ್ ಕೋಣೆ ಖಾಲಿ. ನೋಡಿದರೆ ಅವನು ಕನ್ವೇಯರ್ ಬೆಲ್ಟಿನ ಕೆಳಗೆ ಬಗ್ಗಿ, ಬಿದ್ದ ಸಿಮೆಂಟನ್ನು ಸಲಿಕೆಯಿಂದ ಎತ್ತಿ ಹಾಕುತ್ತಿದ್ದ. ಮೈಯೆಲ್ಲ ಬೂದಿ ಬಳಿದಂತೆ. ಸ್ವಲ್ಪ ದೂರದಲ್ಲಿ ವಯಸ್ಸಾದ ಒಬ್ಬ ಕೆಲಸಗಾರ ಗೋಡೆಗೆ ಒರಗಿ ಕುಳಿತು ತಂಬಾಕು ತಿಕ್ಕುತ್ತಿದ್ದ.

“ಇದು ನಿಮ್ಮ ಕೆಲಸ ಏನ್ರಿ?” ಎಂದೆ.

ನಾಗಿರೆಡ್ಡಿ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. “ಅಲ್ರಿ ಮೇಡಂ. ಅಲ್ಲಿ ಕುಂತಾನಲ್ರಿ, ಅವಂದು. ಆದ್ರ ಅವ ನನ್ನ ಸೋದರಮಾವ. ಸಣ್ಣಾವಿದ್ದಾಗ ಹೆಗಲ ಮ್ಯಾಲ ಕುಂದ್ರಿಸಿಕೊಂಡು ಸೇಡಂ ಸಂತಿ ತೋರಿಸ್ಯಾನ್ರಿ ನನಗ. ಅವಗ ‘ಏ, ಬೆಲ್ಟ್ ಸಾಫ್ ಮಾಡು’ ಅಂತ ಹ್ಯಾಂಗ ಹೇಳ್ಲಿ? ಅದಕ್ಕ ನಾನೇ ಮಾಡ್ತೀನಿ. ನನ್ನ ಕೆಲಸಕ್ಕ ಟೈಮೇ ಸಾಲವಲ್ದು.”

ಅವನಿಗೆ ಸಮಯ ಪಾಲನೆ ಕಲಿಸಿ ಏನು ಮಾಡುವುದು? ಅವತ್ತು ಪ್ಯಾಸೆಂಜರ್ ರೈಲಿನಲ್ಲಿ ಚಿತ್ತಾಪುರಕ್ಕೆ ಮರಳುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಮ್ಮ ಕಡೆ ಕಾರ್ಖಾನೆ ಬಂದಾಗ ಜಮೀನು ಕೊಟ್ಟ ಮನೆಗಳವರಿಗೆ ನೌಕರಿ ಸಿಕ್ಕಿತ್ತು. ಒಂದೇ ಮನೆಯವರು, ಒಂದೇ ಓಣಿಯವರು ಒಂದೇ ಶಿಫ್ಟಿನಲ್ಲಿ. ಅವರಲ್ಲಿ ಒಬ್ಬ ಮೇಲೆ ಹೋದರೆ ಮಾವ, ಕಾಕಾ, ಹಿರೇ ಅಣ್ಣ ಎಲ್ಲ ಅವನ ಕೈಕೆಳಗೆ. ಇದು ಮೇಲಿನ ಆಫೀಸಿನ ಪುಸ್ತಕದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಮರುತಿಂಗಳು ‘ನಮ್ಮವರ ಮೇಲೆ ಅಧಿಕಾರ’ ಎಂಬ ವಿಷಯ ಇಟ್ಟೆ. ಕರೆಯದವರೂ ಬಂದು ಕುಳಿತರು. ಒಬ್ಬ ಹಿರಿಯ ಮ್ಯಾನೇಜರ್ ಮಾವನ ಪಾತ್ರ ಮಾಡಿ, ತಂಬಾಕು ತಿಕ್ಕುತ್ತ, “ನಿಮ್ಮವ್ವಗ ಹೇಳ್ತೀನಿ ತಡಿ” ಎಂದಾಗ ನಾಗಿರೆಡ್ಡಿಯ ಮುಖ ನೋಡಬೇಕಿತ್ತು.

ಆಮೇಲೆ ಅವನು ಮಾವನಿಗೆ ಹೇಳಿಯೇ ಹೇಳಿದ. ಮಾವ ಕೆಲಸ ಮಾಡಿದ, ಆದರೆ ಆ ಸಲದ ದಸರೆಗೆ ಬನ್ನಿ ಎಲೆ ಕೊಡಲು ಅಳಿಯನ ಮನೆಗೆ ಬರಲಿಲ್ಲ. ನಾಗಿರೆಡ್ಡಿ ಫೋನು ಮಾಡಿ ಅಳುವುದೊಂದು ಬಾಕಿ. ದೀಪಾವಳಿಗೆ ಮಾವ ತಾನೇ ಬಂದು ಕದ ತಟ್ಟಿದನಂತೆ. ತರಬೇತಿ ಅಂದರೆ ಎಲ್ಲ ಸುಸೂತ್ರ ಆಗಿಬಿಡುತ್ತದೆ ಎಂದು ತಿಳಿಯಬೇಡಿ. ಒಂದು ದಸರೆಯಾದರೂ ಕೆಡುತ್ತದೆ.

ಅಂದಿನಿಂದ ನಾನು ಫಾರಂ ಬಿಡಲಿಲ್ಲ, ಆದರೆ ಫಾರಂ ಹಿಡಿದುಕೊಂಡು ಅವರಿದ್ದಲ್ಲಿಗೆ ಹೋಗತೊಡಗಿದೆ. ಶಹಾಬಾದಿನ ಖಣಿ, ವಾಡಿಯ ವರ್ಕ್‌ಶಾಪ್, ಸೇಡಂನ ಪ್ಯಾಕಿಂಗ್. ಹೋಗಿ ಸುಮ್ಮನೆ ಕುಳಿತು, ಚಹಾ ಕುಡಿದು, “ಈ ವಾರ ಯಾವ ಕೆಲಸ ಮುಂದಕ್ಕ ದೂಡಿದ್ರಿ?” ಎಂದು ಕೇಳುತ್ತಿದ್ದೆ. ಮನುಷ್ಯ ಮುಂದೂಡಿದ ಕೆಲಸದಲ್ಲಿ ಅವನು ಕಲಿಯಬೇಕಾದದ್ದು ಇರುತ್ತದೆ. ಇದು ನನ್ನ ಅನುಭವ. ಬೇರೆಯವರದು ಬೇರೆ ಇರಬಹುದು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಗೌಸ್ ಸಾಹೇಬರ ಮನೆ ಶಹಾಬಾದಿನಲ್ಲಿತ್ತು. ಅವರು ದಿನಾ ಕಂಪನಿ ಬಸ್ಸಿನಲ್ಲಿ ತಮ್ಮ ಕೆಲಸಗಾರರ ಜೊತೆಗೇ ಬರುತ್ತಿದ್ದರು. ಮ್ಯಾನೇಜರುಗಳಿಗೆ ಜೀಪಿನ ಸೌಲಭ್ಯ ಇತ್ತು, ಅವರು ತೆಗೆದುಕೊಂಡಿರಲಿಲ್ಲ. ಬಸ್ಸಿನಲ್ಲಿ ಅವರ ಮಾತು, ಹಾಸ್ಯ, ಯಾರದೋ ಮಗಳ ಲಗ್ನದ ಸುದ್ದಿ, ಯಾರದೋ ಮಗನ ಪರೀಕ್ಷೆಯ ಸುದ್ದಿ. ಭಟ್ಟಿಯ ಮಂದಿಗೆ ಅವರೆಂದರೆ ಜೀವ. ಅಂಥವರು ಒಂದು ಮುಂಜಾನೆ ವಾಡಿ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿಯುವುದನ್ನು ಕಂಡೆ. ನಾನು ಚಿತ್ತಾಪುರದ ಕಡೆಯಿಂದ ಬಂದು ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ.

“ಏನ್ರಿ ಸಾಹೇಬ್ರ, ಬಸ್ ತಪ್ತೇನ್ರಿ?”

ಅವರು ನಗಲಿಲ್ಲ. “ಇಲ್ರಿ. ಬ್ಯಾಡ ಅನಿಸ್ತು.”

ಮರುದಿನವೂ ರೈಲು. ಅದರ ಮರುದಿನವೂ. ನಾಲ್ಕನೆಯ ಸಲ ನಾನು ಎರಡು ಚಹಾ ಹೇಳಿ, “ಕುಂದ್ರಿ” ಎಂದು ಬೆಂಚು ತೋರಿಸಿದೆ. ನಾಲವಾರ ಕಡೆಗೆ ಹೋಗುವ ಮಂದಿ ಗಂಟು ಮೂಟೆ ಹಿಡಿದು ಎದುರಿನ ಪ್ಲಾಟ್‌ಫಾರ್ಮಿನಲ್ಲಿ ತುಂಬಿದ್ದರು. ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳುವಂತಿರಲಿಲ್ಲ.

“ನಿಮಗ ಬಿ ಗೊತ್ತದಲ್ರಿ ಮೇಡಂ” ಎಂದರು.

ಗೊತ್ತಿತ್ತು. ಹಳೆಯ ಭಟ್ಟಿಯನ್ನು ಮುಚ್ಚುವುದೆಂದು ಮೇಲಿನಿಂದ ನಿರ್ಧಾರ ಬಂದಿತ್ತು. ಕೆಲಸಗಾರರಲ್ಲಿ ಕೆಲವರಿಗೆ ಸೇಡಂನಲ್ಲಿ ಕಟ್ಟಿದ ಹೊಸ ಭಟ್ಟಿ ಘಟಕದಲ್ಲಿ ಜಾಗ, ಉಳಿದವರಿಗೆ ಪರಿಹಾರ ಕೊಟ್ಟು ಬಿಡುಗಡೆ. ದೀಪಾವಳಿ ಹಬ್ಬ ಮುಗಿಯುವವರೆಗೆ ಯಾರಿಗೂ ಹೇಳಬಾರದೆಂದು ಮ್ಯಾನೇಜರುಗಳಿಗೆ ಕಟ್ಟಪ್ಪಣೆ. ಆದರೆ ಇಂಥ ಸುದ್ದಿ ಗೋಡೆಯಿಂದಲೂ ಸೋರುತ್ತದೆ.

“ಬಸ್ಸಿನ್ಯಾಗ ಕುಂತ್ರ ಕೇಳ್ತಾರ್ರಿ. ಸಾಹೇಬ್ರ, ಭಟ್ಟಿ ಬಂದ್ ಆಗ್ತದಂತ, ಖರೇ ಏನ್ರಿ ಅಂತ. ಇಲ್ಲಪಾ ಅಂದೆ, ಎರಡು ಸಲ. ಮಲ್ಲಣ್ಣ ಅಂತ ಒಬ್ಬ ಅದಾನ, ನಮ್ಮ ಹಿರೇ ಫಿಟ್ಟರ್. ಅವ ಏನೂ ಕೇಳಲಿಲ್ಲ. ನನ್ನ ಮಾರಿ ನೋಡಿ ಕಿಟಕಿ ಕಡೆ ಹೊಳ್ಳಿದ. ಅವತ್ತಿನಿಂದ ಬಸ್ ಹತ್ತಕ್ಕ ಕಾಲೇ ಬರವಲ್ವು.” ಚಹಾ ಆರಿಹೋಗಿತ್ತು, ಅವರು ಹಾಗೇ ಹಿಡಿದುಕೊಂಡಿದ್ದರು. “ಒಂದಿನ ನಾನೇ ಹೇಳಬೇಕಾಗ್ತದ ಅವರಿಗೆ. ಹ್ಯಾಂಗ ಹೇಳೋದ್ರಿ? ಮಷೀನ್ ಕೆಟ್ರ ಏನು ಮಾಡಬೇಕು ಗೊತ್ತದ. ಇದು ಯಾರೂ ಹೇಳಿಕೊಟ್ಟಿಲ್ಲ.”

ಆ ವಾರವೇ ಮೇಲಿನ ಆಫೀಸಿನಿಂದ ತರಬೇತಿಯ ಆದೇಶ ಬಂತು. ವಿಷಯ: ‘ಬದಲಾವಣೆಯ ನಾಯಕತ್ವ’. ಜೊತೆಗೆ ತೋರಿಸಬೇಕಾದ ಚಿತ್ರಗಳು. ಮೊದಲ ಚಿತ್ರದಲ್ಲಿ ಒಂದು ಕಂಬಳಿಹುಳ, ಕೊನೆಯದರಲ್ಲಿ ಚಿಟ್ಟೆ. ನಾನು ಅದನ್ನು ಹಿಡಿದುಕೊಂಡು ಕುಲಕರ್ಣಿ ಸಾಹೇಬರ ಕೋಣೆಗೆ ಹೋದೆ.

“ಸರ್, ಇದು ಬ್ಯಾಡ. ಕೆಟ್ಟ ಸುದ್ದಿ ಹ್ಯಾಂಗ ಹೇಳಬೇಕು ಅನ್ನೋದೇ ವಿಷಯ ಇಡೋಣ್ರಿ.”

ಅವರು ಪೆನ್ನು ಕೆಳಗಿಟ್ಟರು. “ಏನ್ರೀ ಇದು? ಸಾವಿನ ಮನಿ ಮಾತು ಆಡಿದಂಗ. ಇಷ್ಟು ವರ್ಷ ನೌಕರಿ ಮಾಡಿದವ್ರಿಗೆ ಮಾತಾಡೋದು ಕಲಸಬೇಕೇನು? ಮೇಲಕ್ಕ ಕಳಸಿದ್ರ ನನಗ ನಗ್ತಾರ.”

“ಮಾತಾಡೋದು ಎಲ್ಲಾರಿಗೂ ಬರ್ತದ್ರಿ. ಇದೊಂದು ಮಾತು ಯಾರಿಗೂ ಬರವಲ್ದು. ಗೌಸ್ ಸಾಹೇಬ್ರು ಬಸ್ ಹತ್ತೋದು ಬಿಟ್ಟಾರ, ನಿಮಗ ಗೊತ್ತೇನ್ರಿ?”

ಗೌಸ್ ಎಂಬ ಹೆಸರು ಕೇಳಿದ್ದೇ ಅವರು ಕನ್ನಡಕ ತೆಗೆದರು. ಜೇಬು ತಡಕಾಡಿದರು. ನಾನು ಸಿಟ್ಟು ಬಂತೆಂದೇ ತಿಳಿದೆ. ಆದರೆ ಅವರು ಕಿಟಕಿಯಾಚೆ ನೋಡುತ್ತ ಕುಳಿತುಬಿಟ್ಟರು. ಕೊನೆಗೆ, “ಮಾಡ್ರಿ. ಆದ್ರ ಹೆಸರು ಹಂಗ ಬರೀಬ್ಯಾಡ್ರಿ. ‘ಸಂವಹನ ಕೌಶಲ್ಯ, ಭಾಗ ಎರಡು’ ಅಂತ ಹಾಕ್ರಿ” ಎಂದರು. ಭಾಗ ಒಂದು ಯಾವಾಗ ಆಗಿತ್ತು ಎಂದು ಮೇಲಿನವರು ಯಾರೂ ಕೇಳಲಿಲ್ಲ.

ಕಲಿಸುವವರು ಯಾರು? ದೊಡ್ಡ ಊರಿನ ತರಬೇತುದಾರರನ್ನು ಕರೆದರೆ ಮತ್ತೆ ಸಮುದ್ರದ ದಂಡೆಗೆ ಹೋಗುವ ಭಯ. ಆಗ ನೆನಪಾದವರು ಡಾಕ್ಟರ್ ವಿಜಯಾ. ನಮ್ಮಪ್ಪ ದವಾಖಾನೆಯಲ್ಲಿ ತೀರಿಕೊಂಡ ದಿನ ಆ ಸುದ್ದಿಯನ್ನು ನನಗೆ ಹೇಳಿದವರು ಅವರು. ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತು, ಹೆಸರು ಹಿಡಿದು ಕರೆದು, ಒಂದೇ ಮಾತಿನಲ್ಲಿ ಹೇಳಿದ್ದರು. ಆಮೇಲೆ ಏನೂ ಮಾತಾಡದೆ ಕುಳಿತಿದ್ದರು. ಆ ಕುಳಿತದ್ದು ನನಗೆ ಇವತ್ತಿಗೂ ನೆನಪಿದೆ.

ಅವರನ್ನು ಕೇಳಲು ಹೋದಾಗ, “ನಾ ಏನು ಹೇಳ್ಲಿ ಮ್ಯಾನೇಜರುಗಳಿಗೆ? ನಂಗೂ ಯಾರೂ ಕಲಸಿಲ್ಲ. ಶುರುವಿನ್ಯಾಗ ಭಾಳ ಕೆಟ್ಟದಾಗಿ ಹೇಳ್ತಿದ್ದೆ. ಬಾಗಿಲದಾಗ ನಿಂತು ಹೇಳಿ ಓಡಿ ಹೋಗ್ತಿದ್ದೆ” ಎಂದರು.

“ಅದನ್ನೇ ಹೇಳ್ರಿ” ಎಂದೆ.

ತರಬೇತಿಯನ್ನು ಕಾರ್ಖಾನೆಯಲ್ಲಿ ಇಟ್ಟರೆ ಸುದ್ದಿ ಹಬ್ಬುತ್ತದೆ. ಅದಕ್ಕೆ ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಜಲಾಶಯದ ಹತ್ತಿರದ ಒಂದು ಅತಿಥಿಗೃಹ ಗೊತ್ತು ಮಾಡಿದೆ. ಒಂದು ಕಡೆ ನೀರು, ಇನ್ನೊಂದು ಕಡೆ ಕಾಡು. ಮಳೆಗಾಲ ಆಗಷ್ಟೇ ಮುಗಿದಿತ್ತು, ಜಲಾಶಯ ತುಂಬಿತ್ತು. ಹತ್ತು ಹನ್ನೆರಡು ಮಂದಿ ಮ್ಯಾನೇಜರುಗಳು ಬಂದರು. ಡಾಕ್ಟರ್ ವಿಜಯಾ ಕೈಯಲ್ಲಿ ಕಾಗದವಿಲ್ಲದೆ ಬಂದು ಅವರ ನಡುವೆ ಕುರ್ಚಿ ಹಾಕಿಕೊಂಡು ಕುಳಿತರು. ತಾವು ಬಾಗಿಲಲ್ಲಿ ನಿಂತು ಹೇಳಿ ಓಡಿದ ಕಥೆಯಿಂದಲೇ ಶುರುಮಾಡಿದರು. ಆಮೇಲೆ, “ಬರ್ರಿ, ಒಬ್ಬರು ನನ್ನ ಮುಂದ ಹೇಳಿ ನೋಡ್ರಿ” ಎಂದರು.

ಯಾರೂ ಏಳಲಿಲ್ಲ. ಕೊನೆಗೆ ಗೌಸ್ ಸಾಹೇಬರು ಎದ್ದರು. ವರ್ಕ್‌ಶಾಪಿನ ಮ್ಯಾನೇಜರ್ ಕೆಲಸಗಾರನಾಗಿ ಎದುರು ಕುಳಿತರು.

“ನೋಡಪಾ ಮಲ್ಲಣ್ಣ” ಎಂದು ಶುರುಮಾಡಿದರು ಗೌಸ್ ಸಾಹೇಬರು. “ನಮ್ಮ ಕಂಪನಿ ಭಾಳ ಹಳೇದು. ನಿಮ್ಮಪ್ಪ ಬಿ ಇಲ್ಲೇ ದುಡಿದಾನ. ಈಗ ದೇಶದಾಗ ಸಿಮೆಂಟಿನ ಪರಿಸ್ಥಿತಿ ಹ್ಯಾಂಗ ಅದ ಅಂದ್ರ...” ಪರಿಸ್ಥಿತಿ ಮುಗಿದ ಮೇಲೆ ಕಲ್ಲಿದ್ದಲಿನ ಕಥೆ ಬಂತು. ಅದಾದ ಮೇಲೆ ಹೊಸ ಘಟಕದ ಯಂತ್ರಗಳು. ಮಂದಿ ನಗತೊಡಗಿದರು. ಅವರು ನಿಲ್ಲಿಸಲಿಲ್ಲ, ನಿಲ್ಲಿಸಲು ಆಗುತ್ತಲೂ ಇರಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು. ನಗು ತಾನಾಗಿ ನಿಂತಿತು.

ವರ್ಕ್‌ಶಾಪಿನವರು ಮೆಲ್ಲಗೆ, “ಸಾಹೇಬ್ರ, ನನ್ನ ನೌಕರಿ ಹೋಯ್ತೋ ಇಲ್ಲೋ, ಇನ್ನಾ ಗೊತ್ತಾಗಲಿಲ್ರಿ” ಎಂದರು.

“ಮೊದಲನೇ ಮಾತಿನ್ಯಾಗೇ ಹೇಳ್ರಿ” ಎಂದರು ಡಾಕ್ಟರ್. “ಅವರು ನಿಮ್ಮ ಮಾರಿ ನೋಡಿದ ಕೂಡ್ಲೆ ಅರ್ಧ ತಿಳಕೊಂಡಿರ್ತಾರ. ನೀವು ತಡ ಮಾಡಿದಷ್ಟು ಅವರಿಗೆ ಜೀವ ಹಿಂಡತದ. ಹೇಳ್ರಿ, ಹೇಳಿ ಸುಮ್ನ ಕುಂದ್ರಿ. ಬೈದ್ರ ಬೈಸ್ಕೊರಿ. ನಿಮ್ಮ ದುಃಖ ನಂಗ ಗೊತ್ತಾಗ್ತದ ಅನಬ್ಯಾಡ್ರಿ, ಗೊತ್ತಾಗಂಗಿಲ್ಲ. ಮತ್ತ ಮರುದಿನ ಹೋಗ್ರಿ. ಎಲ್ಲಾರೂ ತಪ್ಪಸೋದು ಮರುದಿನಾನೇ.”

ಆಗ ಬಾಗಿಲ ಕಡೆ ನೋಡಿದೆ. ಕುಲಕರ್ಣಿ ಸಾಹೇಬರು ಯಾವಾಗ ಬಂದಿದ್ದರೋ, ಹಿಂದಿನ ಸಾಲಿನ ತುದಿಗೆ ಕುಳಿತಿದ್ದರು. ಅವರು ಬರುವ ಕಾರ್ಯಕ್ರಮವೇ ಇರಲಿಲ್ಲ. ಚಿಂಚೋಳಿಯವರೆಗೆ ಒಬ್ಬರೇ ಜೀಪಿನಲ್ಲಿ ಬಂದಿದ್ದರು. ಊಟದ ಹೊತ್ತಿಗೆ ಡಾಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದ್ದು ನನಗೂ ಕೇಳಿಸಿತು. “ಎದುರಿಗೆ ಇರಾವ ನಮ್ಮ ಹಳೇ ಗೆಳೆಯ ಇದ್ರ, ಅವಾಗ ಏನು ಮಾಡೋದ್ರಿ?”

“ಹಂಗಿದ್ರ ಎಲ್ಲಾರಕಿಂತ ಮೊದಲು ಅವರಿಗೆ ಹೇಳ್ರಿ” ಎಂದರು ಡಾಕ್ಟರ್. “ಬ್ಯಾರೆಯವ್ರ ಬಾಯಿಂದ ಕೇಳಬಾರ್ದು ಅವರು.”

ಸಂಜೆ ಎಲ್ಲರೂ ಬಸ್ಸಿಗೆ ಸಾಮಾನು ಹಾಕುತ್ತಿದ್ದಾಗ ಜಲಾಶಯದ ಏರಿಯ ಮೇಲೆ ಇಬ್ಬರು ಕುಳಿತಿರುವುದು ಕಂಡಿತು. ನೀರಿನ ಕಡೆ ಮುಖ ಮಾಡಿ, ಪಕ್ಕಪಕ್ಕದಲ್ಲಿ. ಒಬ್ಬರು ಕುಲಕರ್ಣಿ ಸಾಹೇಬರು, ಇನ್ನೊಬ್ಬರು ಗೌಸ್ ಸಾಹೇಬರು. ಡ್ರೈವರ್ ಹಾರ್ನ್ ಹೊಡೆಯಲು ಹೋದ, ನಾನು ಬೇಡ ಎಂದೆ.

ಅಲ್ಲಿ ಏನಾಯಿತೆಂದು ಕುಲಕರ್ಣಿ ಸಾಹೇಬರು ನಿವೃತ್ತರಾಗುವ ಮುಂಚೆ ಒಮ್ಮೆ ನನಗೆ ಹೇಳಿದರು. ಬಿಡುಗಡೆಯಾಗುವವರಲ್ಲಿ ಗೌಸ್ ಸಾಹೇಬರೂ ಒಬ್ಬರು. ಹೊಸ ಘಟಕದ ಭಟ್ಟಿಯೆಲ್ಲ ಕಂಪ್ಯೂಟರಿನದು, ಅದಕ್ಕೆ ಬೇರೆ ಮ್ಯಾನೇಜರ್ ಆಗಲೇ ಗೊತ್ತಾಗಿದ್ದರು. ಆ ಸಂಗತಿ ಗೊತ್ತಿದ್ದವರು ನಮ್ಮಲ್ಲಿ ಕುಲಕರ್ಣಿ ಸಾಹೇಬರು ಒಬ್ಬರೇ. ಅದನ್ನು ಎದೆಯಲ್ಲಿಟ್ಟುಕೊಂಡು ದಿನಾ ಗೆಳೆಯನ ಎದುರು ಕುಳಿತು ಊಟ ಮಾಡುತ್ತಿದ್ದರು.

“ಡಾಕ್ಟರ್ ಹೇಳಿದಂಗ ಮೊದಲನೇ ಮಾತಿನ್ಯಾಗೇ ಹೇಳಿದೆ” ಎಂದರು. “‘ಗೌಸ್, ನಿಂದೂ ಹೋಗ್ತದ’ ಅಂದೆ. ಅವ ಭಾಳ ಹೊತ್ತು ನೀರು ನೋಡಿದ. ನಾನೂ ಸುಮ್ನ ಕುಂತೆ. ಆಮ್ಯಾಲ ಕೇಳಿದ, ‘ನನ್ನ ಮಂದಿಗೆ ನಾನೇ ಹೇಳ್ಲೋ, ಬ್ಯಾರೆಯವ್ರು ಹೇಳ್ತಾರೋ?’ ಅಂತ. ನೀನೇ ಹೇಳು ಅಂದೆ. ‘ಹಂಗಿದ್ರ ಹಬ್ಬದ ತನಕ ಕಾಯೋದಿಲ್ಲ’ ಅಂದ. ಮೇಲಿನವ್ರಿಗೆ ನಾ ಉತ್ತರ ಕೊಡ್ತೀನಿ ಅಂದೆ.”

ಎರಡು ದಿನದ ಮೇಲೆ, ಶಿಫ್ಟ್ ಬದಲಾಗುವ ಹೊತ್ತಿಗೆ ಗೌಸ್ ಸಾಹೇಬರು ಭಟ್ಟಿಯ ಮಂದಿಯನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿದರು. ಬರುವವರೂ ಇದ್ದರು, ಹೋಗುವವರೂ ಇದ್ದರು. ನಾನು ಹಿಂದೆ ನಿಂತಿದ್ದೆ. ಅವರು ಒಂದು ಸ್ಟೂಲು ಎಳೆದುಕೊಂಡು ಎಲ್ಲರ ನಡುವೆ ಕುಳಿತರು.

“ನಮ್ಮ ಭಟ್ಟಿ ಬಂದ್ ಆಗ್ತದ. ನಿಮ್ಮಾಗ ಕೆಲವರಿಗೆ ಸೇಡಂನಾಗ ಜಾಗ ಅದ. ಕೆಲವರಿಗೆ ಇಲ್ಲ. ನನಗ ಬಿ ಇಲ್ಲ.”

ಅಷ್ಟೇ. ಹೇಳಿ ಸುಮ್ಮನೆ ಕುಳಿತರು. ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು, ಅದೂ ನಿಂತಿತು. ನಂತರ ಒಮ್ಮೆಲೆ ಎಲ್ಲರೂ ಮಾತಾಡತೊಡಗಿದರು. ಯಾರೋ ಬೈದರು, ಯಾರೋ ತಟ್ಟೆ ಎಸೆದು ಹೊರಗೆ ಹೋದರು. ಗೌಸ್ ಸಾಹೇಬರು ಕದಲಲಿಲ್ಲ. ಹಿರೇ ಫಿಟ್ಟರ್ ಮಲ್ಲಣ್ಣ ಮುಂದೆ ಬಂದು ನಿಂತ.

“ಬಸ್ಸಿನ್ಯಾಗ ಮಂದಿ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಗೊತ್ತಿದ್ದು ಇಲ್ಲ ಅಂದ್ರಿ.”

“ಹೂಂ. ಅಂದೆ.”

ಮಲ್ಲಣ್ಣ ಹೆಗಲ ಮೇಲಿನ ಟವೆಲ್ಲು ಝಾಡಿಸಿ ಹೊರಗೆ ನಡೆದ.

ಮರುದಿನ ವಾಡಿ ಸ್ಟೇಷನ್ನಿನಲ್ಲಿ ನಾನು ಶಹಾಬಾದ ಕಡೆಯಿಂದ ಬಂದ ರೈಲು ನೋಡಿದೆ. ಗೌಸ್ ಸಾಹೇಬರು ಇಳಿಯಲಿಲ್ಲ. ಕಾರ್ಖಾನೆ ಗೇಟಿಗೆ ಹೋದರೆ ಕಂಪನಿ ಬಸ್ಸಿನಿಂದ ಇಳಿಯುತ್ತಿದ್ದರು. ಬಸ್ಸಿನಲ್ಲಿ ಯಾರೂ ಮಾತಾಡಿಸಲಿಲ್ಲವಂತೆ. ಅದರ ಮರುದಿನವೂ ಬಂದರು. ಒಂದು ವಾರದ ಮೇಲೆ ಯಾರೋ, “ಸಾಹೇಬ್ರ, ಸೇಡಂಗೆ ಹೋದ್ರ ಮನಿ ಬಾಡಿಗಿ ಹ್ಯಾಂಗ ಅದಾವ್ರಿ?” ಎಂದು ಕೇಳಿದರಂತೆ. ಅವತ್ತಿನಿಂದ ಬಸ್ಸಿನಲ್ಲಿ ಮತ್ತೆ ಮಾತು ಶುರುವಾಯಿತು. ಯಾರ ಜಾಗ ಎಲ್ಲಿ, ಯಾರಿಗೆ ಯಾವ ಕಾಗದ ಬೇಕು ಎಂದು ಅವರು ಬಸ್ಸಿನಲ್ಲೇ ಕುಳಿತು ವಿಚಾರಿಸುತ್ತಿದ್ದರು. ಭಟ್ಟಿ ಆರುವ ದಿನದವರೆಗೂ ಅದೇ ಬಸ್ಸಿಗೆ ಬಂದರು. ಮಲ್ಲಣ್ಣ ಮಾತ್ರ ಅವರ ಕಡೆ ನೋಡಲೇ ಇಲ್ಲ. ಅವನು ಸೇಡಂ ಜಾಗ ಬೇಡವೆಂದು ಬಿಡುಗಡೆ ತೆಗೆದುಕೊಂಡು, ಶಹಾಬಾದಿನಲ್ಲಿ ಫರಸಿ ಪಾಲಿಶ್ ಮಾಡುವ ಕೆಲಸ ಹಿಡಿದ.

ಕುಲಕರ್ಣಿ ಸಾಹೇಬರಿಗೆ ಹಬ್ಬಕ್ಕೆ ಮುಂಚೆ ಸುದ್ದಿ ಒಡೆದದ್ದಕ್ಕೆ ಮೇಲಿನಿಂದ ವಿವರಣೆ ಕೇಳಿದರು. ಏನು ಬರೆದುಕೊಟ್ಟರೋ ತಿಳಿಯದು. ಅವರಿಗೆ ಮುಂದಿನ ಹುದ್ದೆ ಸಿಗಲಿಲ್ಲ. ಅದರ ಬಗ್ಗೆ ಅವರು ಒಂದು ಸಲವೂ ಮಾತಾಡಲಿಲ್ಲ. ಮುಂದೆ ಕೆಲವು ವರ್ಷಗಳಿಗೆ ನಮ್ಮ ವಿಷಯವೂ ಹೊಳಪಿನ ಪುಸ್ತಕಕ್ಕೆ ಸೇರಿತು, ಯಾವುದೋ ದೊಡ್ಡ ಹೆಸರಿನಲ್ಲಿ. ಚಿಟ್ಟೆಯ ಚಿತ್ರ ಅಲ್ಲಿಯೂ ಇತ್ತು.

ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರೇ, ನಿಮಗೆ ಈಗ ಎಲ್ಲ ಸೌಕರ್ಯ ಇದೆ. ಮ್ಯಾನೇಜರ್ ಮನೆಯಲ್ಲೇ ಕುಳಿತು ಫೋನಿನಲ್ಲಿ ಪಾಠ ಮುಗಿಸಿ, ಸರ್ಟಿಫಿಕೇಟ್ ಇಳಿಸಿಕೊಳ್ಳುತ್ತಾನೆ. ಬೇಡವೆನ್ನುವುದಿಲ್ಲ. ನಮಗಿದ್ದ ಕೂಲರ್ ಗದ್ದಲದ ಹಾಲು, ಧೂಳಿನ ಬಸ್ಸು ನಿಮಗೆ ಇರಲಿ ಎಂದೂ ಅನ್ನುವುದಿಲ್ಲ. ಆದರೆ ವಿಷಯ ಆರಿಸುವ ಮುಂಚೆ ಒಂದು ಸಲ ಅವರಿದ್ದಲ್ಲಿಗೆ ಹೋಗಿ ಕುಳಿತು ಬನ್ನಿ. ನನಗೆ ಸಿಕ್ಕ ಒಳ್ಳೆಯ ವಿಷಯಗಳೆಲ್ಲ ಸಿಕ್ಕಿದ್ದು ಹಾಗೆ. ಈಗಲೂ ವಾಡಿ ದಾಟುವಾಗ ರೈಲಿನ ಕಿಟಕಿಯಿಂದ ನೋಡುತ್ತೇನೆ. ಹಳೆಯ ಭಟ್ಟಿಯ ಚಿಮಣಿ ಇಲ್ಲ. ಆ ಜಾಗದಲ್ಲಿ ಆಕಾಶ ಬಯಲು ಬಯಲಾಗಿ ಕಾಣುತ್ತದೆ.

ಅವರ ನೌಕರಿ ಹೋದ ಮೇಲೂ ಗೌಸ್ ಸಾಹೇಬರನ್ನು ನಾನು ಬಿಡಲಿಲ್ಲ. ಆ ಪಾಠ ಹೇಳಲು ಪ್ರತಿ ವರ್ಷ ಅವರನ್ನೇ ಕರೆಸುತ್ತಿದ್ದೆ. ಡಾಕ್ಟರ್ ವಿಜಯಾ ವರ್ಗವಾಗಿ ಹೋಗಿದ್ದರು. ನನ್ನ ನಿವೃತ್ತಿಗೆ ಮುಂಚಿನ ಕೊನೆಯ ತರಬೇತಿ ಸೇಡಂನಲ್ಲಿತ್ತು. ಅಲ್ಲಿ ಕೂತಿದ್ದವರೆಲ್ಲ ಹೊಸ ಕಾಲದ ಹುಡುಗ ಹುಡುಗಿಯರು. ಗೌಸ್ ಸಾಹೇಬರು ಮುಪ್ಪಾಗಿದ್ದರು, ಕುಳಿತೇ ಮಾತಾಡಿದರು. ಬಸ್ಸು, ರೈಲು, ಕ್ಯಾಂಟೀನು ಎಲ್ಲ ಹೇಳಿದರು. ಎದುರಿಗಿದ್ದ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು:

“ಸರ್, ಆಮ್ಯಾಲ ಅವರು ನಿಮ್ಮನ್ನ ಮಾಫ್ ಮಾಡಿದ್ರೇನ್ರಿ?”

ಗೌಸ್ ಸಾಹೇಬರು ಅವಳ ಕಡೆ ತಿರುಗಿದರು.

“ಕೆಲವರು ಮಾಡಿದ್ರವ್ವ. ಮಲ್ಲಣ್ಣ ಇನ್ನಾ ನನ್ನ ಜೋಡಿ ಮಾತಾಡಂಗಿಲ್ಲ. ಒಂದೇ ಊರಾಗ ಅದೀವಿ, ಎದುರು ಬಂದ್ರ ಓಣಿ ದಾಟ್ತಾನ. ಆದ್ರ ಹ್ವಾದ ವರ್ಷ ಅವನ ಮಗಳ ಲಗ್ನ ಆಯ್ತು. ಕಾರ್ಡ್ ಕಳಿಸಿದ್ದ. ಹೋದೆ. ಪಂಕ್ತಿಗೆ ಕುಂತಾಗ ನೋಡ್ತೀನಿ, ತಾನೇ ಬುಟ್ಟಿ ಹಿಡಕೊಂಡು ಬಡಿಸಿಗೋತ ಬರಾಕತ್ತಾನ. ನನ್ನ ತನಕ ಬಂದ. ಮಾತಾಡ್ಲಿಲ್ಲ, ಮಾರಿ ಬಿ ನೋಡ್ಲಿಲ್ಲ. ಒಂದು ಹೋಳಿಗಿ ಹಾಕಿದ. ಸಾಕು ಅಂತ ಕೈ ಅಡ್ಡ ಹಿಡಿದೆ. ನನ್ನ ಕೈ ಸರಸಿ ಇನ್ನೊಂದು ಹಾಕಿ, ಮುಂದ ಹೋದ.”